ಏಳು ನಿರಿಗೆ

ತೊಕುಜಿರೊ ಕತ್ತಿವರಸೆಯ ಗರಡಿಯಲ್ಲಿ ಒಮ್ಮೆ ಕೂಗು ಹಾಕಿದರೆ ಹೊಳೆಯಾಚೆಯ ಮರಗಳಿಂದ ಹಣ್ಣು ಉದುರುತ್ತಿದ್ದವು, ಗಬ್ಬದ ಬೆಕ್ಕುಗಳು ನಿಂತಲ್ಲೇ ಮರಿ ಹಾಕುತ್ತಿದ್ದವು. ಅಂಥವನಿಗೆ ಈ ಚಳಿಗಾಲ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಉಳಿದದ್ದು ಒಂದೇ ಆಸೆ. ವರಸೆಯ ಅಂಗಿ, ಅದರ ಮೇಲೆ ಸೊಂಟಕ್ಕೆ ಕಟ್ಟುವ ನಿರಿಗೆಯ ಹಕಾಮ ತೊಟ್ಟು ಇನ್ನೊಮ್ಮೆ ಶಿಷ್ಯರ ಮುಂದೆ ಗುರುವಾಗಿ ಕೂರಬೇಕು, ಗರಡಿಯನ್ನು ಹಿರಿಯ ಶಿಷ್ಯ ಇವಾಕಿಚಿಗೆ ಒಪ್ಪಿಸಬೇಕು.

ಉಡಿಸಲು ಹೆಂಡತಿ ಇಸೊ ಎದುರಿಗೆ ಕೂತಳು.

"ಹಕಾಮದ ನಿರಿಗೆ ಎಣಿಸಿ ಕಟ್ಟೇ. ಏಳಿರ್ಬೇಕು. ಒಂದು ಮುದುರಿದ್ರೂ ಇವಾಕಿಚಿ ನಗ್ತಾನೆ."

"ನಲವತ್ತು ವರ್ಷದಿಂದ ಒಗೆದು ಮಡಚಿದೀನಿ ರೀ. ನಿಮಗಿಂತ ನಿಮ್ಮ ನಿರಿಗೇನೇ ನಂಗೆ ಚೆನ್ನಾಗಿ ಗೊತ್ತು."

ಮಡಚಿದ್ದಳು ನಿಜ, ಉಡಿಸಿರಲಿಲ್ಲ. ಅವನು ತಾನೇ ಉಡುತ್ತಿದ್ದ. ಎದುರು ಕೂತು ದೊಡ್ಡವರಿಗೆ ಅವಳು ಬಟ್ಟೆ ಉಡಿಸಿದ್ದು ಒಂದೇ ಸಲ, ಹೋದ ತಿಂಗಳು ತೀರಿಕೊಂಡ ಅತ್ತೆಗೆ. ಕೈ ಅದೇ ದಾರಿ ಹಿಡಿಯಿತು. ಇಬ್ಬರ ಕಣ್ಣೂ ನಿರಿಗೆಯ ಮೇಲೆಯೇ ಇದ್ದವು.

ಅವನನ್ನು ಹೊತ್ತು ತಂದು ಗರಡಿಯ ಕಂಬಕ್ಕೆ ಒರಗಿಸಿದರು. ಹನ್ನೆರಡು ಜನ ಶಿಷ್ಯರು ಹಣೆ ನೆಲಕ್ಕೆ ಹಚ್ಚಿ ತಲೆ ಎತ್ತಿದರು. ಎತ್ತಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ್ರೋ, ಯಾರೋ ಸತ್ತಂಗೆ ಕೂತಿದೀರ?"

ಇವಾಕಿಚಿಯ ಕಣ್ಣು ಗುರುವಿನ ಎದೆಯ ಮೇಲೆ ನೆಟ್ಟು ತುಂಬಿಕೊಂಡಿತು. ತೊಕುಜಿರೊ ಬಗ್ಗಿ ನೋಡಿಕೊಂಡ. ಬದುಕಿದವರು ಅಂಗಿಯ ಎಡಮಗ್ಗುಲನ್ನು ಮೇಲೆ ತರುತ್ತಾರೆ. ಅವನ ಅಂಗಿಯಲ್ಲಿ ಬಲಮಗ್ಗುಲು ಮೇಲಿತ್ತು, ಹೆಣಕ್ಕೆ ಉಡಿಸುವ ಹಾಗೆ.

ಇಸೊ ಕೂಡ ಅದನ್ನು ಕಂಡದ್ದು ಆಗ. ಓಡಿಬಂದು ಗಂಟಿಗೆ ಕೈ ಹಾಕಿದಳು. "ಅಯ್ಯೋ, ನನ್ನ ಕೈಗೆ ಕರಿನಾಗರ ಕಚ್ಚಲಿ! ಬಿಚ್ಚಿ ಕಟ್ತೀನಿ ರೀ."

ಅವನು ಎಡಗೈಯಿಂದ ಅವಳ ಮುಂಗೈ ಹಿಡಿದ. "ಬಿಡೇ. ಇವ್ರೆಲ್ಲ ನಮಸ್ಕಾರ ಮಾಡಾಯ್ತು. ಈಗ ಬಿಚ್ಚಿದ್ರೆ ಏನು, ಮತ್ತೆ ಬದುಕ್ತೀನಾ? ಇವಾಕಿಚಿ, ಗರಡಿ ನಿಂದು. ಅಳಬೇಡ್ವೋ, ಮೂಗು ಮೊದಲೇ ದೊಡ್ಡದು ನಿಂದು."

ಇವಾಕಿಚಿ ಮತ್ತೆ ಹಣೆ ನೆಲಕ್ಕೆ ಹಚ್ಚಿದ.

ಅವತ್ತಿನಿಂದ ಅವನು ಆ ಉಡುಪು ಬಿಚ್ಚಲು ಬಿಡಲಿಲ್ಲ. ಗಂಜಿ ತಂದರೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದ. ಇಸೊ ಕಾಲು ಹಿಡಿದಳು, ಬೈದಳು, ಅತ್ತಳು. ಐದನೆಯ ದಿನ ಬೆಳಿಗ್ಗೆ ನೆರೆಯ ಹೆಂಗಸರು ಬಿಳಿಬಟ್ಟೆ ಹಿಡಿದು ಬಂದರು.

"ಉಡಿಸೋಣ್ವಾ ಅಕ್ಕ?"

"ಉಡಿಸಾಗಿದೆ," ಎಂದಳು ಇಸೊ. ಬಗ್ಗಿ ನಿರಿಗೆಗಳನ್ನು ಒಂದೊಂದಾಗಿ ನೀವಿ ಎಣಿಸಿದಳು. ಏಳೂ ಸರಿಯಾಗಿದ್ದವು.