ಹೊಳೆಗಿಳಿಯುವ ಹಾದಿ ಬರೆದವಳು

ಅಮೀರಾ ಮೆಟ್ಟಿಲಿಳಿಯುವುದನ್ನು ಮೊದಲ ಸಲ ಕಂಡವರು, ಪಾಪ, ಈ ಪ್ರಾಯಕ್ಕೇ ಮೊಣಕಾಲು ಹೋಗಿದೆಯೆಂದು ಮರುಗುತ್ತಾರೆ. ಹೊಸ ಕಟ್ಟಡ ಯಾವುದೇ ಇರಲಿ, ಒಮ್ಮೆ ಸರಸರನೆ ಇಳಿದು, ಮತ್ತೆ ಹತ್ತಿ, ಎರಡನೆಯ ಸಲ ಗೋಡೆ ಹಿಡಿದು, ಮೈಯನ್ನು ತುಸು ಓರೆ ಮಾಡಿ, ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಪಾದ ಜೋಡಿಸಿ ನಿಂತು ಇಳಿಯುವುದು ಅವಳ ಅಭ್ಯಾಸ. ತೀರಿಹೋದ ಅಜ್ಜಿ ಹಾಗೆ ಇಳಿಯುತ್ತಿದ್ದಳಂತೆ; ಅಂಥ ಕಾಲಿಗೆ ಈ ಮೆಟ್ಟಿಲು ಒಗ್ಗೀತೇ ಎಂದು ನೋಡುವುದು. "ಲಗ್ನದ ಮನಿಗೆ ಹೋದ್ರೂ ಇಕಿ ಮದುಮಗಳನ್ನ ನೋಡೂದಿಲ್ಲ, ಮೆಟ್ಟಲಾ ನೋಡತಾಳ," ಎಂದು ಲಕ್ಷ್ಮೇಶ್ವರದ ನೆರೆಹೊರೆಯವರ ಮುಂದೆ ತಾಯಿ ಜನ್ನತಬಿ ದೂರುವುದುಂಟು.

ಉದ್ಯಾನ, ಕೆರೆಯಂಗಳ, ನದೀತೀರಗಳಂಥ ಬಯಲು ತಾಣಗಳಿಗೆ ನಕ್ಷೆ ಬರೆಯುವುದು ಅವಳ ವೃತ್ತಿ, ಕಚೇರಿ ಗದಗಿನಲ್ಲಿ. ತಂದೆಯ ಹಳೆಯ ಕಂದು ಕೋಟು ತೊಟ್ಟು, ಅಳತೆಯ ಟೇಪಿನ ಭಾರಕ್ಕೆ ಒಂದು ಜೇಬು ಜೋತುಬಿದ್ದಿರಲು, ಬಿಸಿಲಲ್ಲಿ ಅಳೆಯುತ್ತ ನಿಂತು ಎಲ್ಲರನ್ನೂ ಕಾಯಿಸುತ್ತಾಳೆ. ಯಾರಾದರೂ "ಇಲ್ಲೊಂದು ಕಾರಂಜಿ ಇದ್ರ ಚಲೋ" ಎಂದರೆ ನಗದೆ ಕೇಳುತ್ತಾಳೆ: "ಯಾರಿಗ್ರಿ?" ಈ ಒಂದು ಮಾತಿನಿಂದ ಅವಳು ಕಳೆದುಕೊಂಡ ಸ್ನೇಹಗಳೂ ಇವೆ.

ಮುಂಡರಗಿ ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ ಜನ ವಿಹಾರಕ್ಕೆಂದು ನೀರಿಗಿಳಿಯುವ ತಾಣ ಆಗಬೇಕೆಂದು ತೀರ್ಮಾನವಾದಾಗ, ಉಸ್ತುವಾರಿಯ ಇಂಜಿನಿಯರ್ ದೇವೇಂದ್ರಪ್ಪ ಎತ್ತರದ ದಡವನ್ನೇ ಆರಿಸಿದ್ದರು. ಸಜ್ಜನರು, ತಮ್ಮ ಸೀಮೆಗೊಂದು ಸೊಗಸಾದ ಜಾಗ ಬರಲೆಂಬ ಆಸೆ ಅವರದು. ಅಲ್ಲಿಂದ ಸೂರ್ಯಾಸ್ತ ರಮಣೀಯ. ಆದರೆ ಅಮೀರಾ ಕೋಟು ಕಳಚಿಟ್ಟು, ಬಿದಿರಿನ ಗಳ ಹಿಡಿದು ನೀರಿಗಿಳಿದಳು. ದಡ ಬಿಟ್ಟು ತುಸು ಮುಂದೆ ಗಳಕ್ಕೆ ತಳವೇ ಸಿಗಲಿಲ್ಲ. ಯಾರೋ ಮರಳು ತೋಡಿ ಬಿಟ್ಟ ಗುಂಡಿ ನೀರಿನಡಿ ಬಾಯ್ದೆರೆದಿತ್ತು.

"ಕಂಬಿ ಹಾಕಿದ್ರಾತು ಬಿಡ್ರಿ ಮೇಡಂ," ಎಂದರು ದೇವೇಂದ್ರಪ್ಪ.

"ನೀರು ಕಂಡ ಮಕ್ಕಳನ್ನ ಕಂಬಿ ತಡೀತೈತೇನ್ರಿ ಸರ್?"

ನಕ್ಷೆಗೆ ಅವಳು ರುಜು ಹಾಕಲಿಲ್ಲ. ಕೆಲಸ ತಿಂಗಳುಗಟ್ಟಲೆ ನಿಂತಿತು. ಕಡೆಗೆ ಎಲ್ಲರೂ ಬೇಸತ್ತು, ಹಾಸುಬಂಡೆ ಮೆಲ್ಲಗೆ ನೀರಿಗೆ ಜಾರುವ ಕೆಳಗಿನ ತಿರುವಿಗೆ ಒಪ್ಪಿದರು.

ಆ ತಿರುವಿನಲ್ಲಿ ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಲ್ಲಿ ಹಿರಿಯಳಾದ ಗುರುಸಿದ್ದವ್ವ ಅಮೀರಾಳನ್ನು ಅಡ್ಡಗಟ್ಟಿ ನಿಂತಳು. "ಪ್ಯಾಟಿ ಮಂದಿ ಆಡಾಕ ಬರತಾರ, ಬರಲಿ. ಸೀರಿ ಎತ್ತಿ ಕಟ್ಟಿ ನಾವು ಅರಿವಿ ಒಗೀವಾಗ ಫೋನ್ ಹಿಡಕೊಂಡು ನಿಲ್ಲತಾರಲ್ಲ, ಅದಕ್ಕೇನ್ ಮಾಡ್ತಿ ಯವ್ವಾ? ಈ ಜಾಗಾ ಯಾರಿಗೆ?"

ತನ್ನದೇ ಪ್ರಶ್ನೆ ಇನ್ನೊಬ್ಬರ ಬಾಯಲ್ಲಿ ಬಂದಾಗ ಅಮೀರಾ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಒಂದು ಗಂಟು ಬಟ್ಟೆ ಹೊತ್ತು ಅಲ್ಲಿಗೇ ಬಂದಳು. ಅವರ ನಡುವೆ ಕೂತು ಒಗೆದಳು. ಯಾವ ಕಲ್ಲಿನ ಮೇಲೆ ಕೂತರೆ ದಂಡೆಯ ಮೇಲೆ ನಿಂತವರ ಕಣ್ಣು ಬೆನ್ನಿಗೆ ನಾಟುತ್ತದೆಂಬುದು ಅವಳ ಮೈಗೇ ಗೊತ್ತಾಯಿತು.

ಹಳೆಯ ನಕ್ಷೆ ಹರಿದು ಬೇರೆ ಬರೆದಳು. ಒಗೆಯುವ ಕಲ್ಲುಗಳು ಬಂಡೆಯ ಮರೆಯಲ್ಲಿ, ಹೊಂಗೆಯ ಸಾಲಿನಾಚೆ, ಹೆಂಗಸರಿಗೇ ಉಳಿದವು. ಬರುವವರಿಗೆ ತಿರುವಿನ ಈಚೆಗೆ, ಹಿಡಿದು ಇಳಿಯಲು ಆಸರೆಯಿರುವ ಅಗಲ ಇಳಿಜಾರು. ವಾಹನಗಳು ದೂರದ ರಸ್ತೆಯ ಬದಿಗೇ ನಿಲ್ಲಬೇಕು.

"ಮಂದಿ ನೀರಿನ ತನಾ ಕಾರ್ ಬರಬೇಕಂತಾರ್ರಿ," ಎಂದರು ದೇವೇಂದ್ರಪ್ಪ.

"ಕಾರಿಗೆ ಈಜಾಕ ಬರೂದಿಲ್ಲ ಸರ್."

ದೇವೇಂದ್ರಪ್ಪನವರು ಅಂದು ಮನಸಾರೆ ನಕ್ಕರು. ತಾವು ಬಯಸಿದ್ದ ಕಾರಂಜಿಯನ್ನೂ ಬಣ್ಣದ ದೀಪಗಳನ್ನೂ ಅವರೇ ಕೈಬಿಟ್ಟರು. ಉದ್ಘಾಟನೆಗೆ ಬಂದ ಗಣ್ಯರು ಮಾತ್ರ ಕಟ್ಟಿದ್ದೆಲ್ಲಿ ಎಂದು ಸುತ್ತ ಹುಡುಕಿದರು. ಬಂಡೆಯ ಬಣ್ಣದಲ್ಲೇ ಬೆರೆತುಹೋದ ಆ ಇಳಿಜಾರನ್ನು ಯಾರೂ ಮೆಚ್ಚಲಿಲ್ಲ. ಮನೆಗೆ ಮರಳಿದ ಅಮೀರಾ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲವೆಂದು ಜನ್ನತಬಿ ಹೇಳುತ್ತಾಳೆ.

ಕೆಲವು ವಾರಗಳ ಮೇಲೆ ಒಂದು ಸಂಜೆ ಅವಳು ಸುಮ್ಮನೆ ಅಲ್ಲಿಗೆ ಹೋದಳು. ಗದಗಿನಿಂದ ಬಂದ ಸಂಸಾರಗಳ ನಡುವೆ, ಕೈಯಲ್ಲಿ ಯಾವ ಗಂಟೂ ಇಲ್ಲದೆ, ಗುರುಸಿದ್ದವ್ವ ನೀರಿನಲ್ಲಿ ಕಾಲಿಳಿಬಿಟ್ಟು ಕೂತಿದ್ದಳು.

"ಹುಟ್ಟಿದಾಗಿಂದ ಈ ಹೊಳಿಗೆ ಬರಾಕತ್ತೀನಿ," ಎಂದಳು, ಜಾಗ ಮಾಡಿಕೊಡುತ್ತ. "ಬರೇ ಕುಂಡ್ರಾಕಂತ ಬಂದಿದ್ದು ಇವತ್ತ ಮೊದಲು."

ಅಮೀರಾ ಪಕ್ಕದಲ್ಲಿ ಕೂತಳು. ಕತ್ತಲಾಗುವವರೆಗೆ ಇಬ್ಬರೂ ನೀರಿನಲ್ಲಿ ಕಾಲಾಡಿಸುತ್ತಿದ್ದರು.

ಅಮೀರಾಳಂಥವರ ಕೆಲಸ ಚೆನ್ನಾದಷ್ಟೂ ಕಣ್ಣಿಗೆ ಬೀಳದಾಗುತ್ತದೆ. ಎಡವದೆ ನಡೆದವರು ನೆಲವನ್ನು ನೋಡುವುದಿಲ್ಲ; ದಾರಿ ಮೊದಲಿನಿಂದಲೂ ಹಾಗೆಯೇ ಇತ್ತೆಂದುಕೊಂಡು ನೀರಿಗಿಳಿಯುತ್ತಾರೆ. ಲೋಕ ತಮ್ಮನ್ನು ಹೀಗೆ ಮರೆಯುವುದು ಈ ಬಗೆಯ ಜನಕ್ಕೆ ನೋಯುತ್ತದೆ, ನಿಜ. ಆದರೂ ಮತ್ತೊಂದು ದಡಕ್ಕೆ ಹೋಗಿ, ಮತ್ತೆ ಮರೆತುಬಿಡಬಹುದಾದಂಥದ್ದನ್ನೇ ಕಟ್ಟುತ್ತಾರೆ.