ಓವಿಲಾನ ಬಲಗೈ

ಓವಿಲಾ ಬೆನ್ವಾನ ಬಲಗೈ ಸುಮ್ಮನಿದ್ದದ್ದನ್ನು ಒಂದೇ ಒಂದು ಬೆಳಗಿನ ಹೊರತು ನಾನು ಕಂಡಿಲ್ಲ. ಇಗರ್ಜಿಯಲ್ಲಿ ಪಾದ್ರಿಯ ಪ್ರವಚನ ನಡೆದಿರಲಿ, ಕ್ಷೌರದಂಗಡಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿರಲಿ, ಆ ಕೈ ತನ್ನಷ್ಟಕ್ಕೆ ಮೇಲೆದ್ದು, ಹಿಂದೆ ಸರಿದು, ಮುಂದೆ ಚಲಿಸಿ, ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅದೃಶ್ಯವಾದೊಂದು ಕೋವಿಯ ಬೋಲ್ಟನ್ನು, ತೋಟಾವನ್ನು ನಳಿಗೆಗೆ ತಳ್ಳುವ ಅಗುಳಿಯನ್ನು, ತೆರೆದು ಮುಚ್ಚುತ್ತಿತ್ತು. ಕಣ್ಣುಗಳು ಮಾತ್ರ ಕನೆಕ್ಟಿಕಟ್ ನದಿಯಾಚೆಯ, ಬೂದುತೊಗಟೆಯ ಬೀಚ್ ಮರಗಳ ದಿಬ್ಬದಲ್ಲೆಲ್ಲೋ ತೇಲುತ್ತಿದ್ದವು. ಗುಂಡಿ ತಪ್ಪಿಸಿ ಹಾಕಿದ ಚೌಕಳಿಯ ಉಣ್ಣೆಕೋಟು, ಹೆಜ್ಜೆಯಿಟ್ಟರೆ ನೆಲಕ್ಕೆ ನೋವಾದೀತೆಂಬ ನಡಿಗೆ. ನಮ್ಮೂರ ಕಾರ್ಖಾನೆಯಲ್ಲಿ ಅವನು ಬೇಟೆಕೋವಿಗಳ ನಕ್ಷೆ ಬರೆಯುತ್ತಿದ್ದ. ನಾನು ಅವುಗಳ ಮರದ ಹಿಡಿ ಕೆತ್ತುತ್ತಿದ್ದೆ.

ನಮ್ಮ ಅಪ್ಪಂದಿರ ಕಾಲದಿಂದ ಕಾರ್ಖಾನೆ ಮಾಡುತ್ತ ಬಂದ ಕೋವಿಯ ಬೋಲ್ಟಿಗೆ, ತೋಟಾವನ್ನು ಗಪ್ಪನೆ ಹಿಡಿದುಕೊಳ್ಳುವ ಉದ್ದನೆಯ ಉಕ್ಕಿನ ಉಗುರಿತ್ತು. ಅದನ್ನು ಒಂದೊಂದಾಗಿ ಅರದಿಂದ ಉಜ್ಜಿ ಕೂರಿಸುತ್ತಿದ್ದವನು ಓವಿಲಾನ ಹೆಂಡತಿಯ ಅಣ್ಣ ಕಾಜಿಕ್. ನವೆಂಬರಿನಲ್ಲಿ ಜಿಂಕೆ ಬೇಟೆಯ ಮೊದಲ ದಿನ ಕಾರ್ಖಾನೆಗೇ ಬೀಗ ಬೀಳುತ್ತಿತ್ತು. ಭಾವಮೈದುನರಿಬ್ಬರೂ ಒಂದೇ ಬೀಚ್ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಓವಿಲಾನಿಗೆ ವರ್ಷವೆಂದರೆ ಆ ಒಂದು ಬೆಳಗು, ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ.

ಕೈಗೆಲಸ ದುಬಾರಿಯಾಗಿ ಕಾರ್ಖಾನೆ ಮುಚ್ಚುವ ಮಾತು ಬಂದಾಗ ಯಜಮಾನರು ಓವಿಲಾನನ್ನು ಕರೆದರು. ಯಂತ್ರವೇ ಮಾಡಿ ಮುಗಿಸಬಲ್ಲ ಹೊಸ ಕೋವಿಯನ್ನು ಅವನು ಬರೆದುಕೊಟ್ಟ. ಕಾರ್ಖಾನೆ ಉಳಿಯಿತು, ಉಗುರು ಹೋಯಿತು. ಕಾಜಿಕ್ ಮೊದಲ ಕೋವಿಯನ್ನು ಒಮ್ಮೆ ತೆರೆದು ಮುಚ್ಚಿ, ಮೇಜಿನ ಮೇಲೆ ಕುಕ್ಕಿದ.

“ಬೆಕ್ಕಿನ ಉಗುರು ಕಿತ್ತು, ಇಲಿ ಹಿಡ್ಕೊಂಡ್ ಬಾ ಅಂದಂಗಾಯ್ತಲ್ಲೋ ಇದು!”

“ಎಲ್ಲರ ಕೆಲ್ಸ ಉಳೀತಲ್ಲ, ಭಾವ.”

“ಹೊಟ್ಟೆ ಪುರಾಣ ಹೇಳ್ಬೇಡ. ಇನ್ಮೇಲೆ ನಿನ್ ಪಕ್ಕ ಕೂತ್ಕೊಳ್ಳೋನಲ್ಲ ನಾನು.”

ಹಠವೆಂದರೆ ಹಠ. ಮುಂದಿನ ಎಷ್ಟೋ ನವೆಂಬರುಗಳಲ್ಲಿ ಓವಿಲಾ ಒಬ್ಬನೇ, ತಾನೇ ಬೋಳು ಮಾಡಿದ ಕೋವಿ ಹಿಡಿದು, ಅದೇ ಮರದ ಬುಡದಲ್ಲಿ ಪಕ್ಕದ ಜಾಗ ಖಾಲಿ ಬಿಟ್ಟು ಕೂತ. ಕಾಫಿ ಹೋಟೆಲಿಗೆ ಅವನು ಬಂದರೆ ಪಡ್ಡೆಗಳು ಬೆರಳು ಮಡಚಿ ಉಗುರು ಬಚ್ಚಿಟ್ಟುಕೊಳ್ಳುತ್ತಿದ್ದರು. ಅವನು ಕಾಫಿಯ ಹಬೆಯಲ್ಲಿ ಕಣ್ಣು ನೆಟ್ಟು ಕೈ ಆಡಿಸುತ್ತಿದ್ದ. ಸೋತುಹೋದನೆಂದು ನಾವು ಮರುಗಿದೆವು; ಯಂತ್ರವೇ ಕಡೆದು ಕೊಡಬಲ್ಲ ಉಗುರೊಂದನ್ನು ಅವನು ಹುಡುಕುತ್ತಿದ್ದ.

ಅದು ಸಿಕ್ಕುವ ಹೊತ್ತಿಗೆ ಕಾಜಿಕ್‌ನ ಕಣ್ಣು ಪೂರ್ತಿ ಹೋಗಿತ್ತು. ಓವಿಲಾ ಹೊಸ ಕೋವಿಯನ್ನು ಅವನ ತೊಡೆಯ ಮೇಲಿಟ್ಟ. ಮುದುಕ ಬೋಲ್ಟನ್ನು ಎತ್ತಿದ, ಎಳೆದ, ತಳ್ಳಿದ, ಇಳಿಸಿದ. ಬೆರಳು ಉಗುರಿನ ಮೇಲೆ ಬಹಳ ಹೊತ್ತು ನಿಂತಿತು.

“ಯಾರ್ ಉಜ್ಜಿದ್ದು ಇದನ್ನ?”

“ಯಾರೂ ಇಲ್ಲ ಭಾವ. ಯಂತ್ರದ್ದೇ ಕೆಲ್ಸ.”

“ಸುಳ್ ಹೇಳ್ಬೇಡ ಕಣೋ. ನನ್ ಕೈಕೆಲ್ಸ ನಂಗೆ ಗೊತ್ತಾಗಲ್ವಾ?”

ಅದೂ ನಿಜವೇ. ಕಾಜಿಕ್ ಉಜ್ಜಿದ ಹಳೆಯ ಉಗುರೊಂದನ್ನೇ ಎದುರಿಗಿಟ್ಟುಕೊಂಡು ಓವಿಲಾ ಅದರ ಒಂದೊಂದು ಬಾಗನ್ನೂ ನಕ್ಷೆಗಿಳಿಸಿದ್ದ. ಅದನ್ನು ಅವನ ಬಾಯಿಂದಲೇ ಕೇಳಿದ ಮುದುಕ, “ಬೇಟೆ ಯಾವತ್ತು ಶುರು?” ಎಂದ.

ಆ ನವೆಂಬರಿನಲ್ಲಿ ಬೀಚ್ ಮರದ ಬುಡ ತುಂಬಿತು. ತೋಟಾವಿಲ್ಲದ ಕೋವಿಯನ್ನು ಕಾಜಿಕ್ ಬೆಳಗೆಲ್ಲ ತೆರೆದು ಮುಚ್ಚಿ, ತೆರೆದು ಮುಚ್ಚಿ, ದಿಬ್ಬದ ಜಿಂಕೆಗಳನ್ನೆಲ್ಲ ಪಕ್ಕದ ಊರಿಗೆ ಓಡಿಸಿದ. ಮಂಜಿನೊಳಗೆ ಆ ಸದ್ದು ಕೇಳುತ್ತ ಓವಿಲಾ ಕಣ್ಣು ಮುಚ್ಚಿದ್ದ. ಬದಿಯ ಮರಕ್ಕೊರಗಿದ್ದ ನನಗೆ ಅವನ ಬಲಗೈ ಕಂಡಿತು, ಮಡಿಲಲ್ಲಿ ನಿಶ್ಚಲವಾಗಿ. ನನ್ನ ಕಣ್ಣು ತುಂಬಿ ಬಂತು.

ಪ್ರೀತಿಯ ವಸ್ತುವನ್ನು ಇದ್ದ ಹಾಗೇ ಕಾಪಿಡುವವರನ್ನು ಲೋಕ ಹೊಗಳುತ್ತದೆ. ಅದನ್ನು ಉಳಿಸಲೆಂದೇ ಅದರ ಮೇಲೆ ಕೈಮಾಡುವವರದು ಬೇರೆಯೇ ಜಾತಿ. ಬೈಗುಳವೆಲ್ಲ ಅವರ ಪಾಲಿಗೆ. ತಾವು ಕಿತ್ತದ್ದನ್ನು ತಾವೇ ಮತ್ತೆ ಕೂರಿಸುವ ತನಕ ಅಂಥವರ ಕೈಗೆ ನಿದ್ದೆಯಿಲ್ಲ.