ಮೂಲೆಕುರ್ಚಿ ಉಳಿಸಿಟ್ಟ ಲಿಂಕುಗಳು

ಈ ಪರದೆಗೆ ಎಂಥಾ ಧೂಳಪ್ಪಾ, ಮೂಗಲ್ಲಿ ಕಚಗುಳಿ, ಈಗೊಂದು ಸೀನು ಬಂತೋ ಕಥೆ ಮುಗೀತು, ಆಚೆ ಆ ಮ್ಯಾಜಿಕ್ಕಿನವನು ಇನ್ನೂ ತೋಳಿಂದ ಕರ್ಚೀಫು ಎಳೀತಾನೇ ಇದಾನೆ, ಎಷ್ಟು ಉದ್ದವೋ ಅದು, ಅವನದು ಮುಗಿದ ಮೇಲೆ ಜೋಕು ಹೇಳೋ ಸರದಿ ನನ್ನದು — ಲೈಬ್ರರಿ ಮಹಡಿಯ ಈ ಹಾಲ್ ಹೋದ ಶನಿವಾರ ಇಷ್ಟು ದೊಡ್ಡದಿತ್ತಾ? ಕಾರ್ಯಕ್ರಮ ನಡೆಸೋ ಸೋಡಾಬುಡ್ಡಿ, ತನ್ನ ದಪ್ಪ ಕನ್ನಡಕ ಒರೆಸ್ತಾ, ಮೊದಲೇ ಹೇಳಿಬಿಟ್ಟ, ನೋಡಿ ಮೇಡಂ, ಬೇಜಾರು ಮಾಡ್ಕೋಬೇಡಿ, ಈ ಸಲವೂ ಜನ ನಗಲಿಲ್ಲ ಅಂದ್ರೆ ನಿಮ್ಮ ಹತ್ತು ನಿಮಿಷಾನೂ ಮ್ಯಾಜಿಕ್ಕಿಗೇ ಕೊಟ್ಬಿಡ್ತೀನಿ. ಬೇಜಾರಾಗದೆ ಇರುತ್ತಾ? ಹಗಲೆಲ್ಲ ಲ್ಯಾಬಲ್ಲಿ ಕೂತು ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡೋಳು ನಾನು, ತಿಕ್ಕಿ ತಿಕ್ಕಿ ಹೊಳಪು ಕೊಡೋಳು ನಾನು, ಆ ಹಲ್ಲುಗಳು ಒಂದು ಸಲವಾದ್ರೂ ನನ್ನ ಮಾತಿಗೆ ಹೊರಗೆ ಕಾಣಲಿ ಅನ್ನೋದೊಂದೇ ಆಸೆ, ಒಡವೆ ಕೇಳಿದ್ನಾ ಬಂಗಲೆ ಕೇಳಿದ್ನಾ. ಇವರಂತೂ, ಕಟ್ಟಿಕೊಂಡ ಗಂಡ, ಅನ್ನ ಕಲಸ್ತಾ ಎಷ್ಟು ಸಲೀಸಾಗಿ ಅಂದರು, ನಿನ್ನ ಜೋಕು ಚೆನ್ನಾಗೇ ಇರುತ್ತೆ ಕಣೇ, ಆಮೇಲೆ ಅದರ ಮೇಲೊಂದು ಭಾಷಣ ಯಾಕೆ ಮಾಡ್ತೀಯ. ಭಾಷಣವಂತೆ! ಮೈಯೆಲ್ಲ ಉರಿದುಹೋಯ್ತು. ಅದೇ ಮಾತನ್ನ ಮೂಲೆಕುರ್ಚಿ ಹೇಳಿದಾಗ ಮಾತ್ರ ಕಣ್ಣಿಗೊತ್ತಿಕೊಂಡೆ, ಇವರಿಗೆ ಗೊತ್ತಾದ್ರೆ ಇನ್ನು ಆಯುಷ್ಯ ಪೂರ್ತಿ ಆಡಿಕೊಳ್ತಾರೆ.

ಮೂಲೆಕುರ್ಚಿ, ಅಷ್ಟೇ ಹೆಸರು, ಫೋಟೋ ಇರಬೇಕಾದ ಕಡೆ ಖಾಲಿ ಚೌಕ, ಪುಣ್ಯಾತ್ಮ ಅನ್ನಲೋ ಪುಣ್ಯಾತ್ಗಿತ್ತಿ ಅನ್ನಲೋ ಅದೂ ಗೊತ್ತಿಲ್ಲ — ಸಿಕ್ಕಿದ್ದಾದ್ರೂ ಎಲ್ಲಿಂದ, ಫ್ಯಾನ್ ರಿಪೇರಿ ವಿಡಿಯೋದಿಂದ! ಇಷ್ಟವಾದ ಲಿಂಕುಗಳನ್ನ ನಾಲ್ಕು ಜನಕ್ಕೆ ಕಾಣೋ ಹಾಗೆ ಬುಕ್‌ಮಾರ್ಕ್ ಮಾಡಿಡೋ ಸೈಟು, ಅದರಲ್ಲಿ ಆ ರಿಪೇರಿಯವನನ್ನ ಉಳಿಸಿಕೊಂಡಿದ್ದೆ, ಫ್ಯಾನಿಗೋಸ್ಕರ ಅಲ್ಲ, ಎಲ್ಲ ಜೋಡಿಸಿ ಈಗ ಸ್ವಿಚ್ ಹಾಕೋಣ ಅಂದವನು ಹಾಕದೆ ಸುಮ್ಮನೆ ನಿಲ್ತಾನಲ್ಲ, ನಾವು ಉಸಿರು ಬಿಗಿಹಿಡ್ಕೊಂಡು ಕೂತಿರ್ತೀವಲ್ಲ, ಅದಕ್ಕೆ. ಇಂಥಾ ತಿಕ್ಕಲು ನನಗೊಬ್ಬಳಿಗೇ ಅಂದ್ಕೊಂಡಿದ್ದೆ, ಕೆಳಗೆ ಸಣ್ಣಕ್ಷರದಲ್ಲಿ, ಇದನ್ನು ಇನ್ನೊಬ್ಬರೂ ಉಳಿಸಿದ್ದಾರೆ. ಒತ್ತಿದೆ. ಅವರ ಟಿಪ್ಪಣಿ — ಇದರಲ್ಲಿ ಜೋಕಿಲ್ಲ, ಆದರೆ ಈತ ನಿಲ್ಲುವುದನ್ನು ನೋಡಿ. ಅಯ್ಯೋ, ಮೈ ಜುಂ ಅಂತು, ಲ್ಯಾಬಲ್ಲೇ ಕಿರುಚಿಬಿಟ್ಟೆ, ಕೈಲಿದ್ದ ಮೇಲ್ದವಡೆಯ ಸೆಟ್ಟು ಮೇಣದ ಸಮೇತ ನೆಲಕ್ಕೆ. ಆಮೇಲೆ ಅಗೆದಷ್ಟೂ ಸಿಗ್ತಾ ಹೋಯ್ತು, ಹಳೇ ರೇಡಿಯೋ ನಗೆನಾಟಕಗಳು, ಎಲ್ಲಿ ಜನ ನಕ್ಕರು ಎಲ್ಲಿ ಕೆಮ್ಮಿದರು ಅಂತ ಗುರುತು ಹಾಕಿದ ಸ್ಕ್ರಿಪ್ಟುಗಳು, ಒಂದೇ ಜೋಕನ್ನ ಯಾರೋ ತಿದ್ದಿ ತಿದ್ದಿ ತೋರಿಸಿದ ಪುಟ, ಮೊದಲ ಸಲ ಸಪ್ಪೆ, ಕೊನೇ ಸಲ ಎರಡೇ ಸಾಲು, ನಾನು ಬಿದ್ದು ಬಿದ್ದು ನಕ್ಕೆ. ಒಂದು ದಪ್ಪ ಪಾಠದ ಕೆಳಗೆ ಅವರ ಟಿಪ್ಪಣಿ, ಓದುವಾಗ ನಿದ್ದೆ ಬರುತ್ತೆ, ಬರೆಯುವಾಗ ದೇವರ ಹಾಗೆ ಕೈಹಿಡಿಯುತ್ತೆ. ಎಂಥಾ ಮನುಷ್ಯರಪ್ಪಾ ಇವರು, ತಮಗೆ ಸಿಕ್ಕಿದ ಗುಟ್ಟನ್ನೆಲ್ಲ ಬೀದಿಯಲ್ಲಿ ಹರವಿಟ್ಟು, ತಗೊಂಡು ಹೋಗಿ ಅಂತ, ನಾನೇ ಆಗಿದ್ರೆ ಮುಚ್ಚಿಟ್ಟುಕೊಳ್ತಿದ್ದೆ, ಖಂಡಿತ. ನಾನಿರೋದೂ ಗೊತ್ತಿಲ್ಲದ ಅವರೇ ನನಗೆ ಮೇಷ್ಟ್ರು. ಅಲ್ಲೇ ಇತ್ತು, ಬಾಲ ಅಂತ ಚೀಟಿ ಅಂಟಿಸಿದ ಲಿಂಕುಗಳ ಒಂದು ಗುಂಪು, ಮುಗಿದ ಜೋಕಿಗೆ ವಿವರಣೆ ಅಂಟಿಸಿ ಕೊಂದವರದು, ಪಕ್ಕದಲ್ಲಿ ಮೂಲೆಕುರ್ಚಿಯದೇ ಒಂದು ಸೋಲು, ನಾನೂ ಹೆದರಿ ಹೀಗೇ ಮಾಡಿದೆ, ಜನ ನಗಲು ಬಾಯಿ ತೆರೆದಿದ್ದರು, ನಾನು ಅದರೊಳಗೆ ಮಾತು ತುರುಕಿದೆ. ಓದ್ತಾ ಓದ್ತಾ ಅಳು ಬಂತು ನನಗೆ, ನಗೆಬರಹದ ಪಾಠ ಓದಿ ಅತ್ತವಳು ನಾನೊಬ್ಬಳೇ ಇರಬೇಕು. ನನ್ನ ಜೋಕುಗಳ ಬಾಲವನ್ನೆಲ್ಲ ಕತ್ತರಿಸಿದೆ, ಉಳಿದದ್ದು ಇಷ್ಟೇ ಇಷ್ಟು.

ಚಪ್ಪಾಳೆ, ನನ್ನ ಹೆಸರು ಕರೆದರು, ಹೋಗು, ಮೈಕು ಎತ್ತರವಾಯ್ತು, ಇರಲಿ — ನಾನು ಹಲ್ಲಿನ ಸೆಟ್ಟು ಮಾಡೋಳು, ಒಬ್ಬರು ತಾತ ಬಂದರು, ಅಮ್ಮಾ ಈ ಸೆಟ್ಟು ಸರಿಯಿಲ್ಲ ಅಂದರು, ಯಾಕೆ ತಾತಾ, ಊಟ ಮಾಡುವಾಗ ನೋಯುತ್ತಾ? ಇಲ್ಲಮ್ಮ, ಊಟಕ್ಕೇನೂ ತೊಂದರೆ ಇಲ್ಲ. ಮಾತಾಡುವಾಗ? ಮಾತಾಡುವಾಗ ನನ್ನ ಹತ್ರ ಎಲ್ಲಿರುತ್ತಮ್ಮ, ಆಗ ಅಜ್ಜಿ ಹಾಕ್ಕೊಂಡಿರ್ತಾಳೆ. ಹೇಳಿಬಿಟ್ಟೆ, ಮುಗೀತು, ಯಾರೂ ನಗಲಿಲ್ಲ, ಎಲ್ಲೋ ಒಂದು ಕುರ್ಚಿ ಕಿರ್ ಅಂತು, ಬಾಲ ನಾಲಿಗೆ ತುದಿಗೆ ಬಂದು ಕೂತಿದೆ, ಅಂದ್ರೆ ಇಬ್ಬರಿಗೂ ಒಂದೇ ಸೆಟ್ಟು ಅಂತ — ಬೇಡ, ಬೇಡ, ಸತ್ತರೂ ಬೇಡ, ಹಲ್ಲು ಕಚ್ಚಿಕೋ, ನಿಲ್ಲು, ಎರಡನೇ ಸಾಲಲ್ಲಿ ಒಬ್ಬಾಕೆ ನೀರು ಕುಡೀತಿದ್ದವಳು ಬಾಟಲಿ ಕೆಳಗಿಳಿಸಿದಾಳೆ, ಬಾಯ್ತುಂಬ ನೀರು, ನುಂಗ್ತಿಲ್ಲ, ಯಾಕೆ ನುಂಗ್ತಿಲ್ಲ, ಕಣ್ಣು ಅಗಲ ಆಗ್ತಿದೆ, ಕೆನ್ನೆ ಎರಡೂ ಉಬ್ಬಿವೆ, ನುಂಗೋಕಾಗ್ತಿಲ್ಲ ಅವಳಿಗೆ, ಆಗ್ತಿಲ್ಲ, ಅವಳ ಮುಂದೇ ಸೋಡಾಬುಡ್ಡಿಯ ಬೋಳುತಲೆ, ಪಾಪ ಅವನಿಗೇನು ಗೊತ್ತು, ಉಬ್ಬಿದ ಕೆನ್ನೆ, ಕೆನ್ನೆ ನಡುಗ್ತಿದೆ, ತುಟಿಯ ಮೂಲೆಯಿಂದ ಒಂದು ಹನಿ, ಉಬ್ಬಿದ ಆ ಕೆನ್ನೆ —